ಅಮ್ಮೀಟರ್ ಮುಳ್ಳು ಕುಣಿದದ್ದು ಯಾಕೆ?

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ನನ್ನ ಸೋದರಮಾವನ ಸಣ್ಣ ಅಂಗಡಿ ಇದೆ. ಮೀನುಗಾರಿಕೆ ಬೋಟುಗಳ ವೈರಿಂಗ್, ಸ್ಟಾರ್ಟರ್, ಡೈನಮೊ ರಿಪೇರಿ ಅವರ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಯಲ್ಲಿ, ಉಪ್ಪುಗಾಳಿಯಲ್ಲಿ ಸುಮ್ನೆ ನಿಂತ ಬೋಟುಗಳು ಆಗಸ್ಟ್ ಬಂದಾಗ ಸ್ಟಾರ್ಟ್ ಆಗಬೇಕಲ್ಲ? ಹಾಗಾಗಿ ಜುಲೈ ಕೊನೆಯ ವಾರ ಮಾವನಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಅಂಥದ್ದೇ ಒಂದು ದಿನ ನನ್ನ ತಮ್ಮ ಅವರಿಗೆ ಫೋನ್ ಮಾಡಿದ. ಅವನು ಬೇರೆ ರಾಜ್ಯದಲ್ಲಿ ಸಣ್ಣ ವಿಮಾನಗಳ ರಿಪೇರಿ ಮಾಡುವ ಎಂಜಿನಿಯರ್. ಅವನ ಕೈಗೆ ಬಂದಿದ್ದು 1973ರ ಸೆಸ್ನಾ 172. ನಾಲ್ಕು ಸೀಟು, ಒಂದೇ ಎಂಜಿನ್, ಐವತ್ತು ದಾಟಿದ ಮುದಿ ವಿಮಾನ. ಎಂಜಿನ್ ಓಡುವಾಗ, ಬ್ಯಾಟರಿಗೆ ಕರೆಂಟ್ ತುಂಬುತ್ತಿದೆಯಾ ಖಾಲಿಯಾಗುತ್ತಿದೆಯಾ ಅಂತ ತೋರಿಸುವ ಅಮ್ಮೀಟರ್ ಮುಳ್ಳು ಒಂದೇ ಸಮನೆ ಆಚೆ ಈಚೆ ಹೊಡೆದುಕೊಳ್ಳುತ್ತಿದೆ. ದೀಪಗಳೂ ಅದೇ ತಾಳಕ್ಕೆ ಮಿನುಗುತ್ತಿವೆ. ಬ್ಯಾಟರಿ ಬದಲಾಯಿಸಿ ಆಯಿತು. ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಬದಲಾಯಿಸಿ ಆಯಿತು. ಕುಣಿತ ನಿಂತಿಲ್ಲ.

"ಇನ್ನು ಆಲ್ಟರ್ನೇಟರ್ ಬಿಚ್ಚೋದೊಂದೇ ಬಾಕಿ, ಮಾವಾ." ಎಂಜಿನ್ ತಿರುಗಿಸಿದಾಗ ಕರೆಂಟ್ ಹುಟ್ಟಿಸುವ ಯಂತ್ರ ಅದು.

ಮಾವ ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ. ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿದ ಟುಪೊಲೆವ್ ವಿಮಾನ ನೋಡಿ ಬಂದದ್ದಷ್ಟೇ. ಆದರೂ ಕೇಳಿದರು, "ತಡಿ ತಮಾ. ವೈರ್ ಅಳೆದೆಯಾ?"

"ಅಳೆದೆ. ಮೀಟರಿನಲ್ಲಿ ಎಲ್ಲ ಕಡೆ ಬೀಪ್ ಬರ್ತದೆ, ತಂತಿ ಎಲ್ಲೂ ತುಂಡಾಗಿಲ್ಲ."

"ಬೀಪ್ ನಂಬಬೇಡ."

ಇಷ್ಟು ಕೇಳಿ 'ಅಯ್ಯೋ, ವಿಮಾನ ಬಿದ್ದುಹೋಗುತ್ತಾ' ಅಂತ ಹೆದರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಚಾರ್ಜಿಂಗ್ ಕೆಟ್ಟರೆ ಈ ವಿಮಾನದ ಎಂಜಿನ್ ನಿಲ್ಲುವುದಿಲ್ಲ. ಕಿಡಿ ಕೊಡಲು ಅದಕ್ಕೆ ಎರಡು ಮ್ಯಾಗ್ನೆಟೊ ಇವೆ. ಅವು ಎಂಜಿನ್ ಜೊತೆಗೇ ತಿರುಗಿ, ತಮ್ಮೊಳಗಿನ ಅಯಸ್ಕಾಂತದಿಂದಲೇ ಕರೆಂಟ್ ಹುಟ್ಟಿಸುತ್ತವೆ. ಬ್ಯಾಟರಿಯ ಹಂಗಿಲ್ಲ. ಪೆಟ್ರೋಲ್ ರೆಕ್ಕೆಯ ಟ್ಯಾಂಕಿನಿಂದ ತನ್ನ ಭಾರಕ್ಕೇ ಇಳಿದು ಬರುತ್ತದೆ. ಕೈಕೊಡುವುದು ರೇಡಿಯೊ, ದೀಪ, ಇಳಿಯುವಾಗ ಬೇಕಾಗುವ, ರೆಕ್ಕೆಯ ಹಿಂದಂಚಿನ ಫ್ಲ್ಯಾಪ್. ನಮ್ಮ ಡೀಸೆಲ್ ಬೋಟುಗಳೂ ಬಹುಮಟ್ಟಿಗೆ ಹೀಗೇ. ಒಮ್ಮೆ ಸ್ಟಾರ್ಟ್ ಆದರೆ ಬ್ಯಾಟರಿ ಸತ್ತರೂ ದಡ ಸೇರುತ್ತವೆ. ಜಿಪಿಎಸ್ ಮಾತ್ರ ಕಣ್ಣು ಮುಚ್ಚುತ್ತದೆ.

ಈಗ ಮುಳ್ಳಿನ ವಿಷಯ. ಚೆನ್ನಾಗಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದಕ್ಕೆ ಕರೆಂಟ್ ತುಂಬಬೇಕಾದರೆ ಆಲ್ಟರ್ನೇಟರ್ ಇನ್ನೂ ಜಾಸ್ತಿ, 14ರ ಆಸುಪಾಸು ಕೊಡಬೇಕು. ಆದರೆ ಎಂಜಿನ್ ವೇಗ ಏರುತ್ತದೆ, ಇಳಿಯುತ್ತದೆ. ವೋಲ್ಟೇಜ್ ಮಾತ್ರ ಕದಲಬಾರದು. ಇದನ್ನು ನೋಡಿಕೊಳ್ಳುವುದು ರೆಗ್ಯುಲೇಟರ್. ಆಲ್ಟರ್ನೇಟರ್ ಒಳಗೆ ತಿರುಗುವುದು ಒಂದು ವಿದ್ಯುತ್ಕಾಂತ. ರೆಗ್ಯುಲೇಟರ್ ಅದಕ್ಕೆ ಎರಡು ಮೂರು ಆಂಪಿಯರ್‌ನಷ್ಟು ಸಣ್ಣ ಕರೆಂಟ್ ಕೊಟ್ಟು, ಆಚೆಯಿಂದ 60 ಆಂಪಿಯರ್‌ವರೆಗೆ ಹೊರಡಿಸುತ್ತದೆ. ವೋಲ್ಟೇಜ್ ತಗ್ಗಿದರೆ ಜಾಸ್ತಿ ಕೊಡು, ಏರಿದರೆ ನಿಲ್ಲಿಸು. ಅದರ ಬುದ್ಧಿ ಅಷ್ಟೇ.

  

ಎಡವಟ್ಟು ಇರುವುದು ಇಲ್ಲಿ. ಈ ಸೆಸ್ನಾದಲ್ಲಿ ರೆಗ್ಯುಲೇಟರ್ ವೋಲ್ಟೇಜ್ ನೋಡುವ ದಾರಿ, ಆ ಸಣ್ಣ ಕರೆಂಟ್ ಸಾಗುವ ದಾರಿ ಎರಡೂ ಒಂದೇ. ಪೈಲಟ್ ಮುಂದಿನ ಕೆಂಪು ಮಾಸ್ಟರ್ ಸ್ವಿಚ್ಚಿಗೆ ಎರಡು ಹೋಳು. ಒಂದು ಬ್ಯಾಟರಿಗೆ, ಇನ್ನೊಂದು ಆಲ್ಟರ್ನೇಟರಿಗೆ. ಎರಡನೆಯದನ್ನು ಹಾದೇ ಕರೆಂಟ್ ರೆಗ್ಯುಲೇಟರಿಗೆ ಬರಬೇಕು.

ಶಿರಸಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಇದನ್ನು ದಿನಾ ನೋಡಬಹುದು. ಲೈನಿನ ತುದಿಯ ಮನೆ. ತೋಟದ ಪಂಪು ಹಾಕಿದ ಕೂಡಲೇ ಬಲ್ಬು ಮಂಕಾಗುತ್ತದೆ. ಪಂಪು ನಿಂತರೆ ಬಲ್ಬು ಮತ್ತೆ ಫಳಫಳ. ಟ್ರಾನ್ಸ್‌ಫಾರ್ಮರ್ ಹತ್ತಿರ ಏನೂ ಆಗಿಲ್ಲ, ದಾರಿಯ ತಂತಿಯಲ್ಲಿ ವೋಲ್ಟೇಜ್ ಸೋರಿಹೋಗಿದೆ. ಈಗ ಆ ಬಲ್ಬನ್ನೇ ನೋಡಿಕೊಂಡು 'ಮಂಕಾದರೆ ಪಂಪು ಹಾಕು, ಬೆಳಗಿದರೆ ಆರಿಸು' ಅಂತ ಒಬ್ಬನನ್ನು ಕೂರಿಸಿದರೆ? ಪಂಪು ಹಾಕಿದ್ದಕ್ಕೇ ಬಲ್ಬು ಮಂಕಾಗಿದೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ರೆಗ್ಯುಲೇಟರಿಗೂ ಅದೇ ಗತಿ. ಕರೆಂಟ್ ಬಿಟ್ಟೊಡನೆ ಹಳೇ ಸ್ವಿಚ್ಚಿನಲ್ಲಿ ಒಂದಿಷ್ಟು ವೋಲ್ಟ್ ಸೋರುತ್ತದೆ. 'ಅಯ್ಯೋ, ಸಾಲದು' ಅಂತ ಅದು ಬಿಡುತ್ತಲೇ ಇರುತ್ತದೆ. ವೋಲ್ಟೇಜ್ ಮಿತಿ ದಾಟಿದಾಗ ನಿಲ್ಲಿಸುತ್ತದೆ. ನಿಲ್ಲಿಸಿದ ಕ್ಷಣ ಸೋರಿಕೆಯೂ ಮಾಯ, ಅದರ ಕಣ್ಣಿಗೆ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ಅದು ಇಳಿಯುವವರೆಗೆ ಕಾದು ಮತ್ತೆ ಬಿಡುತ್ತದೆ. ಮುಳ್ಳು ಕುಣಿಯದೆ ಇನ್ನೇನು ಮಾಡೀತು?

ಹಾಗಾದರೆ ಮೀಟರ್ ಬೀಪ್ ಅಂದದ್ದು ಸುಳ್ಳಾ? ಸುಳ್ಳಲ್ಲ, ಆದರೆ ಉಪಯೋಗಕ್ಕಿಲ್ಲ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ಒಂದು ಮಿಲಿಆಂಪಿಯರ್ ಆಸುಪಾಸಿನ ಕರೆಂಟ್. ಅಷ್ಟಕ್ಕೆ ಒಂದೇ ಒಂದು ಎಳೆ ಉಳಿದ ತಂತಿಯೂ ಸಾಕು. ಬೋಟುಗಳಲ್ಲಿ ಮಾವ ಕಾಣುವುದು ಇದನ್ನೇ. ವೈರಿನ ತುದಿಗೆ ಹಾಕಿದ ಲೋಹದ ಲಗ್ ಮೇಲಿಂದ ಹೊಳೆಯುತ್ತಿರುತ್ತದೆ, ರಬ್ಬರ್ ಸೀಳಿ ನೋಡಿದರೆ ತಾಮ್ರಕ್ಕೆ ಹಸಿರು ಕಿಲುಬು. ಸ್ಟಾರ್ಟರ್ 150 ಆಂಪಿಯರ್ ಎಳೆಯುವಾಗ ಆ ಜೋಡಣೆಯಲ್ಲಿ ಬರೀ 0.01 ಓಮ್ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ಬಿಸಿಯಾಗಿ ಹೋಯಿತು. ಗಿರಾಕಿ ಮಾತ್ರ ಬ್ಯಾಟರಿಗೆ ಬೈಯುತ್ತಾನೆ.

ಅದಕ್ಕೇ ಮಾವ ಹೇಳಿದ್ದು, ಕರೆಂಟ್ ಹರಿಯುವಾಗಲೇ ಅಳೆ ಅಂತ. ಅದಕ್ಕೆ ಎಂಜಿನ್ ಓಡಬೇಕಾಗಿಯೂ ಇಲ್ಲ, ಪ್ರೊಪೆಲರ್ ಹತ್ತಿರ ಕೈ ಹಾಕುವ ಅಪಾಯವೂ ಇಲ್ಲ. ಎಂಜಿನ್ ನಿಂತಿದ್ದಾಗ ಸ್ವಿಚ್ಚಿನ ಎರಡೂ ಹೋಳು ಆನ್ ಮಾಡಿದರೆ ರೆಗ್ಯುಲೇಟರಿಗೆ ಕಾಣುವುದು 12 ವೋಲ್ಟ್ ಚಿಲ್ಲರೆ. ಸಾಲದೆಂದು ಅದು ಪೂರ್ತಿ ಕರೆಂಟ್ ಬಿಡುತ್ತದೆ. ಆಗ ಮೀಟರಿನ ಒಂದು ಕಡ್ಡಿ ಎಲ್ಲ ಕಡೆಗೂ ಕರೆಂಟ್ ಹಂಚುವ ವಿಮಾನದ ಮುಖ್ಯ ಬಸ್ ಪಟ್ಟಿಗೆ, ಇನ್ನೊಂದು ರೆಗ್ಯುಲೇಟರ್ ಬಾಯಿಗೆ. ಸೊನ್ನೆಯ ಹತ್ತಿರ ಇರಬೇಕು.

ತಮ್ಮನ ಮೀಟರ್ 1.1 ವೋಲ್ಟ್ ತೋರಿಸಿತು. ಕಡ್ಡಿಯನ್ನು ಒಂದೊಂದೇ ಮೆಟ್ಟಿಲು ಹಿಂದೆ ತಂದ. ಫ್ಯೂಸಿನ ಕೆಲಸ ಮಾಡುವ ಬ್ರೇಕರಿನಲ್ಲಿ 0.2, ಕೆಂಪು ಸ್ವಿಚ್ಚಿನಲ್ಲಿ 0.8, ಉಳಿದ ಜೋಡಣೆಗಳಲ್ಲಿ 0.1. ಎರಡೂವರೆ ಆಂಪಿಯರ್‌ಗೆ 0.8 ವೋಲ್ಟ್ ಅಂದರೆ ಸ್ವಿಚ್ಚಿನೊಳಗೆ 0.32 ಓಮ್. ಸಾಮಾನ್ಯ ಮೀಟರಿನ ವೈರುಗಳಿಗೇ ಹೆಚ್ಚುಕಡಿಮೆ ಅಷ್ಟು ಓಮ್ ಇರುತ್ತದೆ. ಬೀಪಿನಲ್ಲಿ ಸಿಕ್ಕೀತು ಹೇಗೆ? ತೆಗೆದ ಸ್ವಿಚ್ಚನ್ನು ಒಡೆದು ನೋಡಿದಾಗ ಬೆಳ್ಳಗಿರಬೇಕಾದ ಕಾಂಟ್ಯಾಕ್ಟ್ ಕಾವಲಿ ತಳದ ಹಾಗೆ ಕಪ್ಪಾಗಿತ್ತು. ವಿಮಾನಕ್ಕೆ ಒಪ್ಪಿಗೆ ಇರುವ ಹೊಸ ಸ್ವಿಚ್ಚು ತರಿಸಿ ಹಾಕಿ, ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಿದ. ಬೋಟಿನಲ್ಲಾದರೆ ಮಾವ ಪಾಲಿಶ್ ಪೇಪರ್‌ನಲ್ಲಿ ಉಜ್ಜಿ ಕೊಟ್ಟುಬಿಡುತ್ತಿದ್ದರೇನೋ, ವಿಮಾನದಲ್ಲಿ ಅದೆಲ್ಲ ನಡೆಯುವುದಿಲ್ಲ.

ಸಂಜೆ ವಿಡಿಯೊ ಕಳಿಸಿದ. ಮುಳ್ಳು ಸೊನ್ನೆಗಿಂತ ಕೂದಲೆಳೆಯಷ್ಟು ಬಲಕ್ಕೆ ಬಂದು ತೆಪ್ಪಗೆ ನಿಂತಿತ್ತು. ಮಾವ ಬೋಟಿನಲ್ಲೇ ಕುಳಿತು ಅದನ್ನು ಎರಡು ಸಲ ನೋಡಿ, ತಿರುಗಿ ಫೋನ್ ಮಾಡಿದರು.

"ಆ ಹಳೇ ರೆಗ್ಯುಲೇಟರ್ ಎಸೆದಿಲ್ಲ ಅಲ್ವಾ?"