ಮನೆಯ ಜಿಮ್‌ಗೆ ಜಾಗದ ಲೆಕ್ಕ: ತಲೆಯ ಮೇಲಿನ ಪ್ಲೇಟನ್ನು ಮರೆಯಬೇಡಿ

ಮನೆಯಲ್ಲೇ ವೇಟ್‌ಲಿಫ್ಟಿಂಗ್ (ಭಾರ ಎತ್ತುವ) ಅಭ್ಯಾಸಕ್ಕೆ ಜಾಗ ಹೊಂದಿಸುತ್ತ ಎರಡು ವಾರ ಅಳತೆ ಟೇಪು ಹಿಡಿದು ಕಲಿತದ್ದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ನನ್ನದು ನೆಲಮಹಡಿಯ ಹಳೆಯ ಉಗ್ರಾಣದ ಕೋಣೆ. ಗೋಡೆಯಿಂದ ಗೋಡೆಗೆ 305 ಸೆಂ.ಮೀ. ಅಗಲ, 366 ಸೆಂ.ಮೀ. ಉದ್ದ, ಅಂದರೆ ಹತ್ತಕ್ಕೆ ಹನ್ನೆರಡು ಅಡಿ. ಎತ್ತರ 274 ಸೆಂ.ಮೀ. ನಕ್ಷೆಯಲ್ಲಿರುವ ಅಳತೆಯನ್ನು ನಂಬದೆ ಒಳಗೆ ನಿಂತು ನೀವೇ ಅಳೆಯಿರಿ.

ಮೊದಲಿಗೆ ನನ್ನನ್ನು ಹೆದರಿಸಿದ್ದು ವೇಟ್‌ಲಿಫ್ಟಿಂಗ್ ಸ್ಪರ್ಧೆಯ ವೇದಿಕೆಯ ಅಳತೆ. ಅದು 4 ಮೀಟರ್ ಚೌಕ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದದ್ದನ್ನು ನೋಡಿದಾಗಿನಿಂದ ಆ ಚೌಕವೇ ನನ್ನ ಕಣ್ಣಲ್ಲಿತ್ತು. ಅಷ್ಟು ಜಾಗ ನಮ್ಮ ಮನೆಯ ಯಾವ ಕೋಣೆಯಲ್ಲೂ ಇಲ್ಲ. ಆದರೆ ಅಲ್ಲಿ ಎತ್ತುವವರು ತಮ್ಮ ಮಿತಿಯ ಭಾರವನ್ನು ಎತ್ತುತ್ತಾರೆ, ತೋಲ ತಪ್ಪಿದರೆ ಮುಂದೆ ಹಿಂದೆ ಹೆಜ್ಜೆ ಇಡುತ್ತಾರೆ. ಕಲಿಯುವವರಿಗೆ ಎಂಟು ಅಡಿ ಚೌಕ ಸಾಕು. ನಮ್ಮಲ್ಲಿ ಪ್ಲೈವುಡ್ ಹಲಗೆ ಎಂಟಕ್ಕೆ ನಾಲ್ಕು ಅಡಿಯ ಅಳತೆಯಲ್ಲೇ ಸಿಗುವುದರಿಂದ ಎರಡನ್ನು ಜೋಡಿಸಿದರೆ 244 ಸೆಂ.ಮೀ. ಚೌಕ ಸಿದ್ಧ.

ಅಗಲ ಹೆಚ್ಚು ಕಾಡಲಿಲ್ಲ. ಪುರುಷರ ಒಲಿಂಪಿಕ್ ರಾಡ್ 220 ಸೆಂ.ಮೀ. ಉದ್ದ, 20 ಕೆ.ಜಿ. ತೂಕ. ಮಹಿಳೆಯರದು 201 ಸೆಂ.ಮೀ., 15 ಕೆ.ಜಿ. ರಾಡನ್ನು ಕೋಣೆಯ ಉದ್ದಕ್ಕೆ ಇಟ್ಟರೆ ಎರಡು ಬದಿಯಲ್ಲೂ 73 ಸೆಂ.ಮೀ. ಉಳಿಯುತ್ತದೆ, ಪ್ಲೇಟು (ರಾಡಿನ ತುದಿಗೆ ಹಾಕುವ ಭಾರದ ಚಕ್ರ) ಹಿಡಿದು ಆರಾಮವಾಗಿ ನಿಲ್ಲಬಹುದು. ಅಡ್ಡಕ್ಕೆ ಇಟ್ಟರೆ ಉಳಿಯುವುದು ಬದಿಗೆ 42 ಮಾತ್ರ, ಆಗ ಪಕ್ಕದಲ್ಲಿ ನಿಲ್ಲಲಾಗದೆ ರಾಡಿನ ಮುಂದೆ ನಿಂತು ಪ್ಲೇಟು ತೂರಿಸಬೇಕು. ಕೋಣೆ ಇನ್ನೂ ಚಿಕ್ಕದಿದ್ದರೆ 201ರ ರಾಡನ್ನು ಕೊಳ್ಳಿ. ಎರಡರಲ್ಲೂ ಒಳಗಿನ ಕಾಲರುಗಳ (ಪ್ಲೇಟು ಒಳಕ್ಕೆ ಸರಿಯದಂತೆ ತಡೆಯುವ ಬಳೆಗಳ) ನಡುವಿನ ಅಂತರ 131 ಸೆಂ.ಮೀ. ಆಗಿರುವುದರಿಂದ ಒಂದೇ ರ‍್ಯಾಕ್ (ರಾಡನ್ನು ಇಡುವ ಕಂಬಗಳ ಚೌಕಟ್ಟು) ಮೇಲೆ ಎರಡೂ ಕೂರುತ್ತವೆ. ಐದು ಅಡಿಯ ರಾಡಿಗೆ ಈ ಭರವಸೆ ಇಲ್ಲ, ರ‍್ಯಾಕ್ ಕಂಬಗಳ ಹೊರ ಅಂತರವನ್ನು ಅಳೆದೇ ಕೊಳ್ಳಬೇಕು.

ಇನ್ನು ಎತ್ತರ. ನಾನು ಮೂರು ದಿನ ಎಡವಿದ್ದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಗೋಡೆಗೆ ಬೆನ್ನು ಹಚ್ಚಿ, ಬರಿಗಾಲಲ್ಲಿ ಕೈ ಮೇಲೆತ್ತಿ ಮುಷ್ಟಿ ಕಟ್ಟಿದೆ. ಮುಷ್ಟಿಯ ನಡುವಿಗೆ ಸೀಮೆಸುಣ್ಣದ ಗುರುತು ಹಾಕಿದಾಗ ಬಂದದ್ದು 208 ಸೆಂ.ಮೀ. ಫ್ಯಾನಿನ ರೆಕ್ಕೆ ನೆಲದಿಂದ 238ರಲ್ಲಿದೆ. ಮೂವತ್ತು ಸೆಂಟಿಮೀಟರ್ ಉಳಿಯಿತು ಎಂದು ನೆಮ್ಮದಿಯಾಗಿದ್ದೆ. ಇದು ತಪ್ಪು. 208 ಎನ್ನುವುದು ರಾಡಿನ ಎತ್ತರ, ಪ್ಲೇಟಿನದಲ್ಲ. ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ರಾಡು ಅದರ ನಡುವೆ ಹಾದುಹೋಗುತ್ತದೆ. ಆದ್ದರಿಂದ ಪ್ಲೇಟಿನ ಅರ್ಧ, 22.5 ಸೆಂ.ಮೀ., ಕೈಗಿಂತ ಮೇಲೆ ಇರುತ್ತದೆ. ಲೆಕ್ಕ 230.5ಕ್ಕೆ ಏರಿತು.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ನಿಲ್ಲುವುದು ಬರಿನೆಲದ ಮೇಲಲ್ಲ. ಕೆಳಗೆ 18 ಮಿ.ಮೀ.ನ ಎರಡು ಪದರ ಪ್ಲೈವುಡ್, ಅದರ ಮೇಲೆ ನಡುವೆ 12 ಮಿ.ಮೀ. ಹಲಗೆ, ಪ್ಲೇಟು ಬೀಳುವ ಬದಿಗಳಲ್ಲಿ ಅಷ್ಟೇ ದಪ್ಪದ ರಬ್ಬರು: ಒಟ್ಟು 4.8 ಸೆಂ.ಮೀ. ಹಿಮ್ಮಡಿ ಎತ್ತರಿಸಿದ ಶೂ ಇನ್ನೆರಡು ಸೇರಿಸುತ್ತದೆ. 208, 22.5, 4.8, 2 ಕೂಡಿದರೆ 237.3. ರೆಕ್ಕೆಗೂ ಪ್ಲೇಟಿಗೂ ಏಳು ಮಿಲಿಮೀಟರ್ ಅಂತರ!

ನೇರವಾಗಿ ಫ್ಯಾನಿನ ಕೆಳಗೆ ನಿಂತರೆ ಹೇಗೆ ಎಂದೂ ಯೋಚಿಸಿದೆ. ರೆಕ್ಕೆ ನಡುವಿನಿಂದ 60 ಸೆಂ.ಮೀ. ಚಾಚುತ್ತದೆ, ಪ್ಲೇಟು ಶುರುವಾಗುವುದು 65.5ರ ಆಚೆ. ಕಾಗದದ ಮೇಲೆ ತಗಲುವುದಿಲ್ಲ. ಆದರೆ ಪಕ್ಕಕ್ಕೆ ಒಂದು ಸಣ್ಣ ಹೆಜ್ಜೆ ಇಟ್ಟರೂ ಪ್ಲೇಟು ರೆಕ್ಕೆಯ ಕೆಳಗಿರುತ್ತದೆ. ಕಡೆಗೆ ಫ್ಯಾನು ಬಿಚ್ಚಿಸಿ ಗೋಡೆಗೆ ಹಾಕಿಸಿದೆ. ಈಗ ತಾರಸಿಗೆ ಸುಮಾರು 37 ಸೆಂ.ಮೀ. ಇದೆ, ನನಗೆ ಅದು ಸಾಕು. ನಿಮ್ಮ ಕೋಣೆಯಲ್ಲಿ ತೊಲೆಯಿದ್ದರೆ ಅದರ ತಳದಿಂದ ಅಳೆಯಿರಿ. ಹೆಂಚಿನ ಇಳಿಜಾರು ಮಾಡಾದರೆ ತಲೆಯ ಮೇಲೆ ಜಾಗವಿದ್ದರೂ ರಾಡಿನ ತುದಿಯಲ್ಲಿ ಇರದೆ ಹೋಗಬಹುದು, ಹಾಗಾಗಿ ಇಳಿಜಾರಿಗೆ ಅಡ್ಡವಾಗಿ, ನೆತ್ತಿಯ ತೊಲೆಗೆ ಸಮಾನಾಂತರವಾಗಿ ರಾಡ್ ಹಿಡಿಯುವಂತೆ ನಿಲ್ಲಬೇಕು. ಕೈ ಅಳತೆಯನ್ನು ಭುಜದಷ್ಟು ಅಗಲದ ಹಿಡಿತದಲ್ಲೇ ತೆಗೆದುಕೊಳ್ಳಿ. ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವುದು) ಹಿಡಿತ ಅಗಲವಾಗಿ ರಾಡ್ ಕೆಳಗಿರುವುದರಿಂದ ಆ ಅಳತೆ ಮೋಸ ಮಾಡುತ್ತದೆ.

ಆಳದ, ಅಂದರೆ ರಾಡಿನ ಹಿಂದೆ ಮುಂದೆ ಬೇಕಾದ ಜಾಗದ, ಲೆಕ್ಕ ಸರಳ: ರ‍್ಯಾಕಿಗೆ 120, ಸ್ಕ್ವಾಟ್‌ಗೆ (ರಾಡ್ ಹೊತ್ತು ಕೂತು ಏಳುವುದು) ಹಿಂದೆ ಹೆಜ್ಜೆ ಇಡಲು 80 ಸೆಂ.ಮೀ. ನನ್ನ 305ರಲ್ಲಿ ಇನ್ನೂ ಒಂದು ಮೀಟರಿಗಿಂತ ಹೆಚ್ಚು ಉಳಿಯಿತು. ಒಳಕ್ಕೆ ತೆರೆಯುತ್ತಿದ್ದ ಬಾಗಿಲನ್ನು ಮಾತ್ರ ಹೊರಕ್ಕೆ ತಿರುಗಿಸಬೇಕಾಯಿತು.

ಭಾರದ ಬಗ್ಗೆ ಒಂದೇ ಮಾತು. ನಮ್ಮ ಮನೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಸುಮ್ಮನೆ ಇಟ್ಟ ಭಾರ ವೇದಿಕೆಯ ಮೇಲೆ ಹರಡಿ ನಿಲ್ಲುತ್ತದೆ, ತೊಂದರೆ ಕೊಡುವುದು ಮೇಲಿನಿಂದ ಬೀಳುವ ಹೊಡೆತ. ಮಹಡಿಯ ಮೇಲಾದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ರಾಡ್ ಬೀಳಿಸಬೇಡಿ.

ಕೊನೆಗೆ, ನಾನು ಬಹಳ ಇಷ್ಟಪಟ್ಟ ಉಪಾಯ. ಏನನ್ನೂ ಕೊಳ್ಳುವ ಮುನ್ನ ರಂಗೋಲಿ ಪುಡಿಯಿಂದ ನೆಲದ ಮೇಲೆ ರ‍್ಯಾಕ್, ಬೆಂಚು, ವೇದಿಕೆಯ ಗೆರೆಗಳನ್ನು ಎಳೆದೆ. 220 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ಎರಡೂ ಕಡೆ 45 ಸೆಂ.ಮೀ.ನ ರಟ್ಟಿನ ಚಕ್ರ ಸಿಕ್ಕಿಸಿ, ಹಲಗೆಯ ಮೇಲೆ ಶೂ ಹಾಕಿಕೊಂಡು ನಿಂತು ಎಲ್ಲ ಬಗೆಯ ಎತ್ತುವಿಕೆಗಳನ್ನೂ ಮಾಡಿ ನೋಡಿದೆ. ಫ್ಯಾನಿಗೆ ರಟ್ಟು ಸವರಿದ ಸದ್ದು ಕೇಳಿದ್ದು ಆಗಲೇ. ಪುಣ್ಯಕ್ಕೆ ಫ್ಯಾನು ಆಫ್ ಆಗಿತ್ತು. ಪೈಪನ್ನು ಬಾಗಿಲಿನಿಂದ ಒಳಗೆ ತಂದು ತಿರುಗಿಸಿಯೂ ನೋಡಿ. ನಮ್ಮ ಓಣಿಯ ತಿರುವಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರೆ ಮಾತ್ರ ಒಳಗೆ ಬರುತ್ತದೆ.