ಉಟ್ರೆಕ್ಟ್ ಸಾಲ್ಟರ್: ಜಗಳ ತೀರಿಸಲು ಮಾಡಿದ ಪಡಿಯಚ್ಚು

ಸಾಲ್ಟರ್ ಅಂದರೆ ಬೈಬಲ್‌ನ 150 ಕೀರ್ತನೆಗಳಿರುವ ಪ್ರಾರ್ಥನೆಯ ಪುಸ್ತಕ. ಮಧ್ಯಯುಗದ ಸಾಲ್ಟರ್‌ಗಳ ಪಡಿಯಚ್ಚು, ಅಂದರೆ ಫ್ಯಾಕ್ಸಿಮಿಲಿ, ಅಂದ ಕೂಡಲೇ ಚಿನ್ನದ ಹೊಳಪೂ ಕೈಗೆಟುಕದ ಬೆಲೆಯೂ ನೆನಪಾಗುತ್ತವೆ ಅಲ್ವಾ? ಆದರೆ ಹೊಸಬರು ಉಟ್ರೆಕ್ಟ್ ಸಾಲ್ಟರ್‌ನಿಂದ ಶುರು ಮಾಡುವುದು ಒಳ್ಳೆಯದು. ಅದರ 166 ಚಿತ್ರಗಳೂ ಬರೀ ಕಂದು ಶಾಯಿಯ ಗೆರೆಗಳು.

9ನೇ ಶತಮಾನದಲ್ಲಿ ಫ್ರಾನ್ಸಿನ ರೀಮ್ಸ್ ಕಡೆ ಬರೆದದ್ದು. ಈಗ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿದೆ. ಚಿತ್ರಕಾರರು ಮಾತನ್ನು ಇದ್ದಹಾಗೇ ಬಿಡಿಸಿಬಿಡುತ್ತಾರೆ. 'ದೇವರೇ, ಏಕೆ ಮಲಗಿದ್ದೀ, ಏಳು' ಎಂಬ ಸಾಲಿಗೆ ದೇವರು ನಿಜಕ್ಕೂ ಹಾಸಿಗೆಯಲ್ಲಿದ್ದಾನೆ! ದುಷ್ಟರು ಸುತ್ತುತ್ತಾರೆ ಎಂದಿದ್ದರೆ, ಒಂದಷ್ಟು ಜನ ದೊಡ್ಡ ಚಕ್ರವನ್ನು ತಳ್ಳುತ್ತಾ ಸುತ್ತುತ್ತಿರುತ್ತಾರೆ. ನನಗೆ ಇದು ಭಕ್ತಿಗಿಂತ ತುಂಟತನ ಅನಿಸುತ್ತದೆ.

ಪಡಿಯಚ್ಚಿನ ಕತೆ 1870ರ ದಶಕದ್ದು. 4ನೇ ಶತಮಾನದ ಬಿಷಪ್ ಅಥನೇಸಿಯಸ್‌ನ ಹೆಸರಿನ ನಂಬಿಕೆಯ ಪಾಠವನ್ನು ಆರಾಧನೆಯಲ್ಲಿ ಹೇಳಲೇಬೇಕೇ ಎಂದು ಇಂಗ್ಲೆಂಡಿನ ಚರ್ಚ್‌ನಲ್ಲಿ ಜಗಳ ನಡೆದಿತ್ತು. ಆ ಪಾಠ ಈ ಪುಸ್ತಕದಲ್ಲಿದೆ. ಹಾಗಾಗಿ ಪುಸ್ತಕ ಹಳೆಯದಾದಷ್ಟೂ ಪಾಠಕ್ಕೂ ತೂಕ ಜಾಸ್ತಿ. ಇಂಗ್ಲೆಂಡಿನ ಸರ್ಕಾರಿ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಡಫಸ್ ಹಾರ್ಡಿ ಇದು 6ನೇ ಶತಮಾನದ್ದು ಎಂದರು. ಉಳಿದ ತಜ್ಞರು ಒಪ್ಪಲಿಲ್ಲ. ಗೊಂದಲಕ್ಕೆ ಕಾರಣ ಅಕ್ಷರ. ಬರೆದವರು ರೋಮನ್ನರ ಕಾಲದ ದೊಡ್ಡಕ್ಷರಗಳನ್ನೇ ಬೇಕೆಂದು ಬಳಸಿದ್ದರು, ಅದೂ ಮೂರು ಅಂಕಣಗಳಲ್ಲಿ.

ಎಲ್ಲರೂ ಅಕ್ಷರ ನೋಡಿ ತೀರ್ಮಾನಿಸಲಿ ಎಂದು ಲಂಡನ್ನಿನಲ್ಲಿ ಇಡೀ ಪುಸ್ತಕದ ಫೋಟೋ ತೆಗೆದು ಆಟೋಟೈಪ್ ವಿಧಾನದಲ್ಲಿ ಅಚ್ಚು ಹಾಕಿದರು. ಇದರಲ್ಲಿ ಚಿತ್ರ ಮೂಡುವುದು ಜೆಲಾಟಿನ್‌ನಲ್ಲಿ ಬೆರೆಸಿದ ಇಂಗಾಲದ ಬಣ್ಣದಿಂದ, ಆದ್ದರಿಂದ ಮಾಸುವುದಿಲ್ಲ. ಒಂದೇ ಬಣ್ಣದ ಅಚ್ಚು ಇಲ್ಲಿ ಸಾಕಾಯಿತು, ಏಕೆಂದರೆ ಪ್ರಶ್ನೆ ಇದ್ದದ್ದು ಅಕ್ಷರದ ಆಕಾರದ ಬಗ್ಗೆ. ಶಾಯಿಯ ಛಾಯೆ, ಚರ್ಮದ ಹಾಳೆಯ ಯಾವ ಮಗ್ಗುಲಲ್ಲಿ ಕೂದಲಿತ್ತು, ಹಾಳೆಗಳನ್ನು ಹೇಗೆ ಹೊಲಿದಿದ್ದಾರೆ ಎಂಬುದಕ್ಕೆ ಅದು ಉತ್ತರ ಕೊಡದು. ಬಣ್ಣದ ಪಡಿಯಚ್ಚು ಬಂದದ್ದು 1980ರ ದಶಕದಲ್ಲಿ, ಆಸ್ಟ್ರಿಯಾದ ಗ್ರಾಟ್ಸ್‌ನಿಂದ.

ಕ್ಯಾಮೆರಾಕ್ಕಿಂತ ಎಷ್ಟೋ ಮೊದಲೇ ಇದರ ನಕಲು ಆಗಿತ್ತು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ಮೊದಲನೆಯದು 11ನೇ ಶತಮಾನದ ಹಾರ್ಲಿ ಸಾಲ್ಟರ್. ಅಲ್ಲಿ ಗೆರೆಗಳಿಗೆ ಬಣ್ಣ ಬಂತು. ಎರಡರ ಪುಟಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಾರ್ಲಿಯಲ್ಲಿ ಬಹುಪಾಲು ಇರುವುದು ಕೀರ್ತನೆಗಳ ಬೇರೊಂದು ಲ್ಯಾಟಿನ್ ಅನುವಾದ, ಚಿತ್ರ ಮಾತ್ರ ಉಟ್ರೆಕ್ಟ್‌ನದು. ಹೀಗಾಗಿ ಎಲ್ಲಾದರೂ ಚಿತ್ರ ಪಕ್ಕದ ಸಾಲಿಗೆ ಹೊಂದದಿದ್ದರೆ, ಮೊದಲು ಉಟ್ರೆಕ್ಟ್‌ನ ಪಾಠ ತೆರೆದು ನೋಡಿ.