ಬಟನ್ ಒತ್ತಿ, ಬಿಟ್ಟುಬಿಡಿ

ಮಾದರಿ ರೈಲಿನ ಹಲಗೆಯಡಿ ಮಲಗಿ ನಾನು ಬಿಚ್ಚುವ ಸುಟ್ಟ ಪಾಯಿಂಟ್ ಮೋಟಾರುಗಳಲ್ಲಿ ಹೆಚ್ಚಿನವು ಒಂದೇ ಕಾರಣಕ್ಕೆ ಸತ್ತಿರುತ್ತವೆ. ಪಾಯಿಂಟ್ ಅಂದರೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಕವಲು. ಅದನ್ನು ಸರಿಸುವ ಸೊಲೆನಾಯ್ಡ್‌ಗೆ (ವಿದ್ಯುತ್ ಹರಿದಾಗ ಒಳಗಿನ ಸರಳನ್ನು ಎಳೆಯುವ ತಂತಿಸುರುಳಿಗೆ), ಒಮ್ಮೆ ಹಾಕಿದರೆ ಹಾಗೆಯೇ ನಿಲ್ಲುವ ಟಾಗಲ್ ಸ್ವಿಚ್ ಜೋಡಿಸಿರುತ್ತಾರೆ. ಬೇಡವೆಂದರೆ, ‘ಒಂದು ನಿಮಿಷ ಆನ್ ಇದ್ದರೆ ಏನಾಗುತ್ತದೆ ಸಾರ್?’ ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಇಂಥ ಮೋಟಾರಿನಲ್ಲಿ ಎರಡು ಕಾಯಿಲ್‌ಗಳಿರುತ್ತವೆ. ಒಂದೊಂದರ ರೋಧ ಕೆಲವೇ ಓಮ್. 4 ಓಮ್ ಎಂದಿಟ್ಟುಕೊಂಡು 16 ವೋಲ್ಟ್ ಕೊಟ್ಟರೆ ಸ್ಥೂಲವಾಗಿ 4 ಆಂಪಿಯರ್, ಅಂದರೆ 64 ವ್ಯಾಟ್. ಸೋಲ್ಡರ್ ಕರಗಿಸಲು ನೀವು ಬಳಸುವ ಪುಟ್ಟ ಐರನ್ ಬರೀ 25 ವ್ಯಾಟ್‌ನದು! ಒಳಗಿನ ಕಬ್ಬಿಣದ ಸರಳು ಕಣ್ಣುಮಿಟುಕಿಸುವಷ್ಟರಲ್ಲಿ ಆಚೆ ಬದಿಗೆ ಹಾರಿರುತ್ತದೆ. ಆಮೇಲೆ ಹಳಿಯನ್ನು ಹಿಡಿದಿಡಲು, ಬಹುಪಾಲು ಪಾಯಿಂಟುಗಳಲ್ಲಿ, ಒಂದು ಸ್ಪ್ರಿಂಗ್ ಇದೆ. ಮುಂದೆ ಹರಿಯುವ ವಿದ್ಯುತ್ತೆಲ್ಲ ಬರೀ ಶಾಖ. ಅದಕ್ಕೇ ಇದಕ್ಕೆ ಬೇಕಿರುವುದು ಬೆರಳು ತೆಗೆದೊಡನೆ ಕರೆಂಟ್ ಕಡಿಯುವ ಪುಶ್ ಬಟನ್.

ಸಕಲೇಶಪುರ ಘಾಟಿಯ ಎಡಕುಮೇರಿ ನಿಲ್ದಾಣವನ್ನು ಅಟ್ಟದ ಮೇಲೆ ಕಟ್ಟುತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸುರಂಗದ ಬಾಯಿಯ ಪಾಚಿಯನ್ನೂ ಬಿಡದೆ ಬಣ್ಣ ಹಚ್ಚಿದವರು. ಮೊಮ್ಮಗ ಸ್ವಿಚ್ ಹಾಕಿ ಊಟಕ್ಕೆ ಹೋದನಂತೆ. ನಾನು ಬಿಚ್ಚಿದಾಗ ತಾಮ್ರದ ತಂತಿಯ ಎನಾಮೆಲ್ ಲೇಪ ಕಂದಿತ್ತು, ತಂತಿ ಸುತ್ತಿದ ಪ್ಲಾಸ್ಟಿಕ್ ಬಾಬಿನ್ ಮೆತ್ತಗಾಗಿ ಸರಳನ್ನು ಕಚ್ಚಿಕೊಂಡಿತ್ತು. ‘ನಿಜವಾದ ರೈಲ್ವೆಯ ಪಾಯಿಂಟ್ ಮೆಷಿನ್ ಕೂಡ ಹಳಿ ಸರಿದು ಲಾಕ್ ಆದೊಡನೆ ಮೋಟಾರಿನ ವಿದ್ಯುತ್ತನ್ನು ತಾನೇ ಕಡಿದುಕೊಳ್ಳುತ್ತದೆ ಮೇಷ್ಟ್ರೇ’ ಎಂದೆ. ‘ಗೊತ್ತು ಕಣಯ್ಯಾ, ಪುಶ್ ಬಟನ್ನೇ ಹಾಕಿದ್ದೆ. ಒತ್ತಿದರೆ ಅರ್ಧಕ್ಕೇ ನಿಲ್ಲುತ್ತಿತ್ತು’ ಎಂದರು.

ಅಲ್ಲೇ ಇರುವುದು ಕುತ್ತು. ರೈಲಿನ ಕಂಟ್ರೋಲರ್‌ನ ಹೆಚ್ಚುವರಿ ಔಟ್‌ಪುಟ್ ಒಂದು ಆಂಪಿಯರ್ ಕೊಡುವುದೇ ಹೆಚ್ಚು. ಕಾಯಿಲ್ ಕೇಳಿದ್ದನ್ನು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ, ಸರಳು ತಡವರಿಸುತ್ತದೆ. ಜನ ಇನ್ನಷ್ಟು ಹೊತ್ತು ಒತ್ತುತ್ತಾರೆ, ಕೊನೆಗೆ ಬೇಸತ್ತು ಟಾಗಲ್ ಹಾಕುತ್ತಾರೆ. ಇದಕ್ಕೆ ಮದ್ದು ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್, ಅಂದರೆ ಸಿಡಿಯು. ಅದು ನಿಧಾನವಾಗಿ ವಿದ್ಯುತ್ ಕೂಡಿಟ್ಟು, ಬಟನ್ ಒತ್ತಿದಾಗ ಒಂದೇ ಏಟಿಗೆ ಸುರಿಯುತ್ತದೆ. ಬಟನ್ ಸಿಕ್ಕಿಹಾಕಿಕೊಂಡರೂ ಕಾಯಿಲ್‌ಗೆ ಹೋಗುವ ಕರೆಂಟನ್ನು ಒಳಗಿನ ರೆಸಿಸ್ಟರ್ ತಡೆದು ಹಿಡಿಯುತ್ತದೆ. ನೀವೇ ಕಟ್ಟುವುದಾದರೆ 16 ವೋಲ್ಟ್ ಎಸಿ ರೆಕ್ಟಿಫೈ ಆದಾಗ, ಅಂದರೆ ಡಿಸಿಗೆ ತಿರುಗಿದಾಗ, ಶೃಂಗದಲ್ಲಿ 22 ವೋಲ್ಟ್ ಮೀರುತ್ತದೆಂಬುದು ನೆನಪಿರಲಿ. 25 ವೋಲ್ಟಿನ ಕೆಪಾಸಿಟರ್ ತೀರಾ ಅಂಚಿನದು, 35ರದ್ದು ಹಾಕಿ. 4700 ಮೈಕ್ರೋಫ್ಯಾರಡ್ ಸಾಮಾನ್ಯವಾಗಿ ಸಾಕು. ಎರಡು ಪಾಯಿಂಟುಗಳನ್ನು ಒಟ್ಟಿಗೆ ಎಳೆಯಬೇಕಿದ್ದರೆ ಪರೀಕ್ಷಿಸಿಯೇ ಮುಂದುವರಿಯಿರಿ.

‘ಗೆಳೆಯನ ಮನೆಯಲ್ಲಿ ಟಾಗಲ್ಲೇ ಇದೆ, ಏನೂ ಆಗಿಲ್ಲ’ ಎನ್ನುವವರಿಗೆ: ಅಲ್ಲಿರುವುದು ನಿಧಾನವಾಗಿ ತಿರುಗುವ ಮೋಟಾರು ಇರಬಹುದು. 12 ವೋಲ್ಟಿನ ಆ ಬಗೆಯವು ಕೊನೆ ಮುಟ್ಟಿ ನಿಂತಾಗಲೂ ಕೆಲವೇ ಮಿಲಿಆಂಪಿಯರ್ ಎಳೆಯುತ್ತವೆ. ದಿನವಿಡೀ ಆನ್ ಇರಲೆಂದೇ ಮಾಡಿದವು. ಎರಡಕ್ಕೂ ಪಾಯಿಂಟ್ ಮೋಟಾರ್ ಎಂದೇ ಹೆಸರು, ಅಂಗಡಿಯವನೂ ಹಾಗೆಯೇ ಕೊಡುತ್ತಾನೆ. ವೈರ್ ಕತ್ತರಿಸುವ ಮೊದಲು ಪೆಟ್ಟಿಗೆಯೊಳಗಿನ ಚೀಟಿ ಓದಿ.

ಮೇಷ್ಟ್ರು ಈಗ ಸಿಡಿಯು ಹಾಕಿಸಿಕೊಂಡಿದ್ದಾರೆ. ಕಿತ್ತ ಟಾಗಲ್‌ಗಳನ್ನು ಪ್ಲಾಟ್‌ಫಾರ್ಮ್ ದೀಪಗಳಿಗೆ ಬಳಸಬಹುದೇ ಎಂದು ಕೇಳಿದರು. ಧಾರಾಳವಾಗಿ ಬಳಸಬಹುದು, ಎಲ್‌ಇಡಿಗೆ ರೆಸಿಸ್ಟರ್ ಮಾತ್ರ ಮರೆಯಬಾರದು.